ಹಿಮಾಲಯನ್ 411: 70 ಕಿಮೀ ಟಾರು, ಆಮೇಲೆ ಕೆಮ್ಮಣ್ಣು. ಯಾವ ಟೈರ್ ಹಾಕಿಸಲಿ?

ಕಿರವತ್ತಿ_ಸವಾರ
ನಮಸ್ಕಾರ ಎಲ್ಲರಿಗೂ. ನನ್ನದು ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಬೈಕ್, ಬಿಎಸ್6 (ಹೊಸ ಹೊಗೆ ನಿಯಮದ) ಮಾದರಿ. ಹಿಂದಿನ ಟೈರ್ ನಡುವೆ ಚಪ್ಪಟೆಯಾಗಿ ಸವೆತದ ಗುರುತಿನ ಮಟ್ಟಕ್ಕೆ ಬಂದಿದೆ. ಮುಂದಿನದನ್ನೂ ಈಗಲೇ ಬದಲಿಸುವ ಯೋಚನೆ. ಪ್ರತಿ ವಾರ ಹುಬ್ಬಳ್ಳಿಯಿಂದ ಕಲಘಟಗಿ ಮೇಲೆ ಯಲ್ಲಾಪುರ, ಸುಮಾರು 70 ಕಿಮೀ ಹೆದ್ದಾರಿ. ಅಲ್ಲಿಂದ ತೋಟದ ಮನೆಗೆ ಕೆಮ್ಮಣ್ಣಿನ ದಾರಿ, ಕೊನೆಗೆ ಒಂದು ಇಳಿಜಾರು. ಮಳೆಗಾಲದಲ್ಲಿ ಅದು ಸಾಬೂನು ಹಚ್ಚಿದ ಹಾಗಿರುತ್ತದೆ. ಎಷ್ಟೋ ಸಲ ಹಿಂದೆ ಹೆಂಡತಿ ಇರುತ್ತಾಳೆ, ಜೊತೆಗೆ ಚೀಲ. ಅಂಗಡಿಯವರು 50-50 (ಅರ್ಧ ಟಾರಿಗೆ, ಅರ್ಧ ಮಣ್ಣಿಗೆ) ಅನ್ನುವ, ಮೇಲೆಲ್ಲ ದಪ್ಪ ಗುಬಟುಗಳಿರುವ ಬಟನ್ ಟೈರ್ ಹಾಕಿಸಿ ಅಂತಾರೆ, ಗೆಳೆಯರು ಟಾರಿನ ಮೇಲೆ ಜಾರುತ್ತದೆ ಬೇಡ ಅಂತಾರೆ. ಎರಡೂ ಚಕ್ರಕ್ಕೆ ಒಂದೇ ಥರದ್ದು ಬೇಕೇ ಬೇಕಾ?

ಘಟ್ಟದ_ಕೆಳಗೆ
ಅಣ್ಣಾ, ಮೊದಲು ಈ 50-50, 80-20 ಲೆಕ್ಕವನ್ನು ಪಕ್ಕಕ್ಕಿಡಿ. ಅದಕ್ಕೆ ಯಾವ ಸರ್ಕಾರಿ ಅಳತೆಯೂ ಇಲ್ಲ, ಒಂದೊಂದು ಕಂಪನಿ ತನಗೆ ಸರಿ ಕಂಡದ್ದನ್ನು ಬರೆಯುತ್ತದೆ. ಮಣ್ಣು ಎಷ್ಟು ಕಿಲೋಮೀಟರ್ ಅಂತ ನೋಡುವುದಕ್ಕಿಂತ, ಎಲ್ಲಿ ಜಾರಿದರೆ ಜಾಸ್ತಿ ಪೆಟ್ಟಾಗುತ್ತದೆ ಅಂತ ನೋಡಿ. ತೋಟದ ಇಳಿಜಾರಿನಲ್ಲಿ ನೀವು 15ರ ವೇಗದಲ್ಲಿ ಇರುತ್ತೀರಿ. ಹೆದ್ದಾರಿಯಲ್ಲಿ ಮಳೆ, ಎದುರಿಗೆ ಲಾರಿ, ಹಿಂದೆ ಮನೆಯವರು, 199 ಕೆಜಿಯ ಗಾಡಿ, ಅಂಥಲ್ಲಿ ಗಟ್ಟಿಯಾಗಿ ಬ್ರೇಕ್ ಹಿಡಿಯಬೇಕಾದರೆ? ಬಟನ್ ಟೈರಿನಲ್ಲಿ ರಸ್ತೆಗೆ ತಾಗುವುದು ಗುಬಟುಗಳ ತಲೆ ಮಾತ್ರ, ರಬ್ಬರ್ ಕಡಿಮೆ. ತಿರುವಿನಲ್ಲಿ ವಾಲಿಸಿದಾಗ ಆ ಗುಬಟುಗಳು ಬಾಗುತ್ತವೆ, ಗಾಡಿ ತೇಲಿದ ಹಾಗಾಗುತ್ತದೆ. ನಾನು ಅರಬೈಲ್ ಘಟ್ಟ ಮಳೆಯಲ್ಲೇ ಹತ್ತಿ ಇಳಿಯುವವನು, ನನ್ನ ಮತ ರಸ್ತೆ ಕಡೆ ವಾಲುವ ಟೈರಿಗೇ.

ಶಿರಸಿ_ಮಣ್ಣು
ಹಿಂದಿನ ಚಕ್ರಕ್ಕೆ ಇವರ ಮಾತು ಒಪ್ಪುತ್ತೇನೆ. ಮುಂದಿನದಕ್ಕೆ ಒಪ್ಪುವುದಿಲ್ಲ. ನಮ್ಮ ಕಡೆಯ ಕೆಂಪು ಜಿಗಟು ಮಣ್ಣು ಟೈರಿನ ಸಂದಿನಲ್ಲಿ ತುಂಬಿಕೊಂಡರೆ ಮುಗಿಯಿತು, ಆಮೇಲೆ ಅದು ಬೋಳು ಟೈರೇ. ಹಿಂದಿನ ಚಕ್ರಕ್ಕೆ ಎಂಜಿನ್ನಿನ ಬಲ ಇದೆ, ತಿರುಗಿ ಮಣ್ಣನ್ನು ಎಸೆಯುತ್ತದೆ. ಮುಂದಿನ ಚಕ್ರಕ್ಕೆ ಆ ಬಲ ಇಲ್ಲ, ಅದಕ್ಕೇ ಅಲ್ಲಿ ಸಂದು ಅಗಲ ಇರಬೇಕು. ಹಿಂದೆ ಜಾರಿದರೆ ಹೇಗೋ ಹಿಡಿದುಕೊಳ್ಳಬಹುದು, ಮುಂದೆ ಜಾರಿದರೆ ಬಿದ್ದಂತೆಯೇ ಅಲ್ವಾ? ಅದಕ್ಕೆ ಮುಂದೆ ಸ್ವಲ್ಪ ಒರಟು, ಹಿಂದೆ ನಯ. ತೀರಾ ಕಾಂಟಿನೆಂಟಲ್ ಕಂಪನಿಯ ಟಿಕೆಸಿ 80 ಟೈರಿನಷ್ಟು ದೊಡ್ಡ ಗುಬಟು ಬೇಡ, ಅದು ಮಣ್ಣನ್ನೇ ನಂಬಿದವರಿಗೆ. ನಡುವಿನ ಪಟ್ಟಿ ಒತ್ತಾಗಿದ್ದು ಅಂಚಿನಲ್ಲಿ ಬಿಡಿ ಬಿಡಿ ಗುಬಟು ಇರುವುದನ್ನು ನೋಡಿ. ಮುಂದಿನದು ನಿಧಾನ ಸವೆಯುತ್ತದೆ, ಹಾಗಾಗಿ ದುಡ್ಡು ಹಾಕುವುದಿದ್ದರೆ ಅಲ್ಲೇ ಹಾಕಿ. ಇನ್ನೊಂದು, ನಿಮ್ಮದು ಬಿಎಸ್6, ಹಿಂದಿನ ಚಕ್ರದ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದ ಹಾಗೆ ನೋಡುವ ವ್ಯವಸ್ಥೆ) ಆಫ್ ಮಾಡುವ ಸ್ವಿಚ್ ಇದೆ. ಆ ಇಳಿಜಾರಿಗೆ ಮುಂಚೆ ಆಫ್ ಮಾಡಿ. ಇಲ್ಲದಿದ್ದರೆ ಕೆಸರಿನಲ್ಲಿ ಬ್ರೇಕ್ ಬಿಟ್ಟು ಬಿಟ್ಟು ಹಿಡಿಯುತ್ತಾ ಗಾಡಿ ಇಳಿಯುತ್ತಲೇ ಹೋಗುತ್ತದೆ. ಟಾರಿಗೆ ಬಂದ ಕೂಡಲೇ ಮರೆಯದೆ ಆನ್.

ಟೈರ್_ಕೆಲಸ
ಇಪ್ಪತ್ತು ವರ್ಷದಿಂದ ಟೈರ್ ಬಿಚ್ಚಿ ಹಾಕುವ ಕೆಲಸ ನಮ್ಮದು. ಯಾವ ಕಂಪನಿ ಅಂತ ಹೇಳುವುದಿಲ್ಲ, ಕೊಳ್ಳುವಾಗ ನೋಡಬೇಕಾದ್ದು ಹೇಳುತ್ತೇನೆ. ನಿಮ್ಮ ಅಳತೆ ಮುಂದೆ 90/90-21, ಹಿಂದೆ 120/90-17. ಅಗಲ ಇದ್ದರೆ ಚಂದ ಅಂತ 140 ಹಾಕಿಸಬೇಡಿ, ಆ ರಿಮ್ಮಿಗೆ ಕೂರುವ ಆಕಾರ ಕೆಡುತ್ತದೆ, ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಹತ್ತಿರ ಕೆಸರಿಗೆ ಜಾಗವೂ ಇರುವುದಿಲ್ಲ. ಪಕ್ಕದಲ್ಲಿ 64S ಅಂತ ಇದ್ದರೆ, 64 ಅಂದರೆ ಆ ಒಂದು ಟೈರ್ 280 ಕೆಜಿ ಹೊರುತ್ತದೆ, S ಅಂದರೆ 180 ಕಿಮೀ ವೇಗದವರೆಗೆ. ಹಿಂದೆ ಜನ, ಚೀಲ ಎಲ್ಲ ಹೇರುವವರು 64ಕ್ಕಿಂತ ಕೆಳಗಿನದು ತಗೋಬೇಡಿ. ಆಮೇಲೆ ತಯಾರಾದ ದಿನ: ನಾಲ್ಕು ಅಂಕಿ ಇರುತ್ತದೆ, 2324 ಅಂದರೆ 2024ರ 23ನೇ ವಾರ. ಕಡಿಮೆ ರೇಟಿಗೆ ಕೊಡುತ್ತಾರೆ ಅಂತ ಹಳೇ ಸ್ಟಾಕ್ ತಂದವರನ್ನು ಬಹಳ ನೋಡಿದ್ದೇನೆ, ರಬ್ಬರ್ ಗಟ್ಟಿಯಾಗಿರುತ್ತದೆ, ಮಳೆಯಲ್ಲಿ ಹಿಡಿಯುವುದಿಲ್ಲ. ನಿಮ್ಮದು ಟ್ಯೂಬ್ ಗಾಡಿ, ಹೊಸ ಟೈರಿಗೆ ಹೊಸ ಟ್ಯೂಬೇ ಹಾಕಿಸಿ. ಹಳೇ ಟ್ಯೂಬ್ ಹಿಗ್ಗಿರುತ್ತದೆ, ಒಳಗೆ ಮಡಚಿಕೊಂಡು ಅಲ್ಲೇ ಸೀಳುತ್ತದೆ.

ಗದಗ_ಎರೆ
ಎರೆ ಮಣ್ಣಿನವರ ಮಾತೂ ಕೇಳಿ. ಮಳೆ ಬಿದ್ದ ಎರೆ ದಾರಿಯಲ್ಲಿ ಯಾವ ಟೈರೂ ಉಪಯೋಗ ಇಲ್ಲ, ಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಸಿಕ್ಕಿ ಚಕ್ರವೇ ತಿರುಗುವುದಿಲ್ಲ. 411ಕ್ಕೆ ಮುಂದಿನ ಚಕ್ರದ ಹತ್ತಿರವೇ ಇನ್ನೊಂದು ಮಡ್‌ಗಾರ್ಡ್ ಇದೆ. ಒರಟು ಟೈರ್ ಹಾಕಿದರೆ ಆ ಸಂದು ಇನ್ನೂ ಕಿರಿದಾಗುತ್ತದೆ. ನಿಮ್ಮ ಕೆಮ್ಮಣ್ಣಿಗೆ ಅಷ್ಟು ತೊಂದರೆ ಬರಲಿಕ್ಕಿಲ್ಲ, ಆದರೂ ಹಾಕಿಸಿದ ಮೇಲೆ ಬೆರಳು ಹಾಕಿ ನೋಡಿ.

ಕಿರವತ್ತಿ_ಸವಾರ
ತುಂಬಾ ಉಪಕಾರ ಆಯ್ತು. ಮುಂದೆ ಸ್ವಲ್ಪ ಒರಟು, ಹಿಂದೆ ರಸ್ತೆ ಕಡೆಯದು, ಹೊಸ ಟ್ಯೂಬ್. ಇಷ್ಟು ಗಟ್ಟಿ ಮಾಡಿದೆ. ತೋಟದ ದಾರಿಗೆ ಗಾಳಿ ಇಳಿಸಬೇಕಾ?

ಟೈರ್_ಕೆಲಸ
ಸ್ವಲ್ಪ ಇಳಿಸಬಹುದು, ಹಿಡಿತ ಬರುತ್ತದೆ. ಆದರೆ ಟ್ಯೂಬ್ ಇರುವುದರಿಂದ 20 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಕೆಳಗೆ ಬೇಡ. ಕಲ್ಲು ಹೊಡೆದರೆ ಟ್ಯೂಬ್ ರಿಮ್ಮಿಗೆ ಸಿಕ್ಕಿ ಎರಡು ಕಡೆ ತೂತಾಗುತ್ತದೆ, ಟೈರ್ ರಿಮ್ಮಿನ ಮೇಲೆ ಜರುಗಿದರೆ ವಾಲ್ವೇ ಕಿತ್ತು ಬರುತ್ತದೆ. ಹೆಂಡತಿ, ಚೀಲ ಇದ್ದ ದಿನ ಇಳಿಸಲೇಬೇಡಿ. ಒಂದು ಚಿಕ್ಕ ಪಂಪು ಚೀಲದಲ್ಲಿ ಇಟ್ಟುಕೊಳ್ಳಿ, ಟಾರಿಗೆ ಬರುವ ಮುಂಚೆ ಅಲ್ಲೇ ಗಾಳಿ ತುಂಬಿಸಿಕೊಳ್ಳಿ. ಹೊಸ ಟೈರಿನ ಮೊದಲ 100 ಕಿಮೀ ಜಾಸ್ತಿ ವಾಲಿಸಬೇಡಿ, ಮೇಲಿನ ನುಣುಪು ಹೋಗಬೇಕು. ಬಾಣದ ಗುರುತು ಚಕ್ರ ತಿರುಗುವ ಕಡೆಗೇ ಇದೆಯಾ ಅಂತ ಅಂಗಡಿಯಲ್ಲೇ ನಿಂತು ನೋಡಿ.