ಸಹಾಯ ಬೇಕು: ಫಲಾನುಭವಿಗಳಲ್ಲಿ ಒಬ್ಬರು ಮೈನರ್, ಖಾಸಗಿ ಟ್ರಸ್ಟ್ ಮುಗಿಸುವುದು ಹೇಗೆ?

ಮೈಸೂರಿನ ಒಂದು ಮನೆ, ಒಂದಿಷ್ಟು ಠೇವಣಿ ಇರುವ ನೋಂದಾಯಿತ ಕುಟುಂಬ ಟ್ರಸ್ಟ್. ಧಾರ್ಮಿಕ ಅಥವಾ ಸಾರ್ವಜನಿಕ ಟ್ರಸ್ಟ್ ಅಲ್ಲ, ಹಾಗಾಗಿ ಅಂಥ ಟ್ರಸ್ಟ್‌ಗಳ ದಾವೆಗೆ ಇರುವ ಸಿವಿಲ್ ಪ್ರಕ್ರಿಯಾ ಸಂಹಿತೆ (ಸಿಪಿಸಿ) 92ನೇ ಕಲಮಿನ ಮಾತು ಇಲ್ಲಿ ಬೇಡ. ಟ್ರಸ್ಟ್ ಮಾಡಿದವರು ತೀರಿಕೊಂಡಿದ್ದಾರೆ. ಫಲಾನುಭವಿಗಳು ಮೂವರು, ಕೊನೆಯವಳಿಗೆ 15 ವರ್ಷ. ಡೀಡ್‌ನಲ್ಲಿ ತಿದ್ದುಪಡಿಗೂ ರದ್ದತಿಗೂ ಅಧಿಕಾರ ಕಾದಿರಿಸಿಲ್ಲ.

"ಟ್ರಸ್ಟಿಗಳೇ ಸೇರಿ ರದ್ದು ಪತ್ರ ಬರೆದು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ" ಎಂಬ ಸಲಹೆ ಬಂದಿದೆ. ಇದು ನಿಲ್ಲದು. ಇಲ್ಲದ ಅಧಿಕಾರವನ್ನು ನೋಂದಣಿ ಹುಟ್ಟಿಸುವುದಿಲ್ಲ. ಮುಂದೆ ಮನೆ ಮಾರಹೊರಟಾಗ ಖರೀದಿದಾರರ ವಕೀಲರು ಹಿಡಿಯುವುದೇ ಇದನ್ನು. 1882ರ ಭಾರತೀಯ ಟ್ರಸ್ಟ್ ಕಾಯ್ದೆಯ 78(ಎ) ಕಲಮಿನ ಪ್ರಕಾರ ಎಲ್ಲ ಫಲಾನುಭವಿಗಳೂ ಕರಾರು ಮಾಡಲು ಅರ್ಹರಾಗಿದ್ದು ರದ್ದತಿಗೆ ಒಪ್ಪಬೇಕು. 56ನೇ ಕಲಮಿನಡಿ ಆಸ್ತಿ ಕೇಳಿ ಪಡೆಯಲೂ ಇದೇ ಷರತ್ತು. ಮೈನರ್‌ಗೆ ಆ ಅರ್ಹತೆ ಇಲ್ಲ, ಅವಳ ಪರವಾಗಿ ತಾಯಿಯ ಸಹಿ ಸಾಲದು.

ಗೊತ್ತಿರುವವರು ಇಷ್ಟು ತಿಳಿಸಿ:

11ನೇ ಕಲಮಿನಲ್ಲಿ ಮೈನರ್ ಪರ ಒಪ್ಪಿಗೆಯನ್ನು ಪ್ರಧಾನ ಸಿವಿಲ್ ನ್ಯಾಯಾಲಯ ಕೊಡಬಹುದು. ಆದರೆ ಅದು ಟ್ರಸ್ಟ್ ನಿರ್ದೇಶನಗಳ ಮಾರ್ಪಾಡಿಗೆ. ಇದೇ ದಾರಿಯಲ್ಲಿ ಪೂರ್ತಿ ಹಂಚಿಕೆಗೆ ಆದೇಶ ಪಡೆದವರಿದ್ದಾರೆಯೇ? ಟ್ರಸ್ಟ್ ಆಸ್ತಿಯ ನಿರ್ವಹಣೆ ಬಗ್ಗೆ ನ್ಯಾಯಾಲಯದ ಅಭಿಪ್ರಾಯ ಕೇಳುವ 34ನೇ ಕಲಮಿನ ಸಲಹಾ ಅರ್ಜಿ ಕ್ಲಿಷ್ಟ ಪ್ರಶ್ನೆಗಳಿಗೆ ಒದಗದು ಎಂಬುದು ಗೊತ್ತು.

ಮೂರು ವರ್ಷ ಕಾದು 56ರಡಿ ಹೋಗುವುದೇ ವಾಸಿಯೇ? ಆಗ ಟ್ರಸ್ಟಿಗಳು ಫಲಾನುಭವಿಗಳಿಗೆ ಬರೆದುಕೊಡುವ ಪತ್ರಕ್ಕೆ ಮುದ್ರಾಂಕ ಶುಲ್ಕ ಯಾವ ಬಾಬಿನಲ್ಲಿ ಹಾಕಿದರು?

ಆದೇಶದ ಪ್ರತಿ ಇದ್ದರೆ ಹೆಸರು, ವಿಳಾಸ ಅಳಿಸಿ ಇಲ್ಲಿ ಹಂಚಿಕೊಳ್ಳಿ.