ಡಿಪಿಎಫ್ ಲೈಟ್ ಪದೇ ಪದೇ ಹತ್ತುತ್ತಿದೆಯಾ? ಫಿಲ್ಟರ್ ಬಿಚ್ಚುವ ಮೊದಲು ಇಂಟರ್‌ಕೂಲರ್ ಪೈಪ್ ನೋಡಿ

ಪ್ರಶ್ನೆ (ವೈಟ್‌ಫೀಲ್ಡ್, ಬೆಂಗಳೂರು)

ನಮಸ್ಕಾರ ಅಣ್ಣ. ನನ್ನದು 2021ರ ಬಿಎಸ್6 ಡೀಸೆಲ್ ಗಾಡಿ, 1.5 ಲೀಟರ್ ಎಂಜಿನ್. 62,000 ಕಿ.ಮೀ. ಓಡಿದೆ. ಎರಡು ತಿಂಗಳಲ್ಲಿ ಮೂರು ಸಲ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಲೈಟ್ ಹತ್ತಿತು. ಮೊದಲ ಎರಡು ಸಲ ಸರ್ವಿಸ್ ಸೆಂಟರ್‌ನವರು ಸ್ಕ್ಯಾನರ್ ಹಾಕಿ ರೀಜನ್ (ಫಿಲ್ಟರ್‌ನ ಮಸಿ ಸುಡುವುದು) ಮಾಡಿಕೊಟ್ಟರು. ಈಗ ‘ಫಿಲ್ಟರೇ ಹೋಗಿದೆ, ಹೊಸದು ಹಾಕಬೇಕು’ ಅನ್ನುತ್ತಿದ್ದಾರೆ. ಲಕ್ಷದ ಮೇಲೆ ಹೇಳಿದ್ದಾರೆ. ವಾರಂಟಿ ಮುಗಿದಿದೆ.

ಸ್ಕ್ಯಾನ್ ಪ್ರಿಂಟ್‌ನಲ್ಲಿ ಪಿ2463 ಅನ್ನುವ ದೋಷದ ಕೋಡ್ ಇದೆ. ಅದರ ಕೆಳಗೆ ‘ಹಳೆಯದು’ ಅಂತ ಪಿ0299 ಕೂಡ ಇತ್ತು. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಪಿಕಪ್ ಚೆನ್ನಾಗಿಯೇ ಇದೆ, ಹೊಗೆಯೂ ಇಲ್ಲ. ದಿನಾ ಆಫೀಸಿಗೆ ಹೋಗಿ ಬರಲು 30 ಕಿ.ಮೀ., ಪೂರ್ತಿ ಟ್ರಾಫಿಕ್. ತಿಂಗಳಿಗೊಮ್ಮೆ ಊರಿಗೆ, ಚಿತ್ರದುರ್ಗಕ್ಕೆ ಹೋಗುತ್ತೇನೆ. ಹೋದ ಸಲ ಊರಿಂದ ಬಂದ ನಾಲ್ಕೇ ದಿನಕ್ಕೆ ಲೈಟ್ ಹತ್ತಿತು. ಫಿಲ್ಟರ್ ಬದಲಿಸಲೇಬೇಕಾ?

ಉತ್ತರ (ಡೀಸೆಲ್ ಮೆಕ್ಯಾನಿಕ್, ಹಾಸನ)

ಸರ್, ದುಡ್ಡು ಕೊಡುವ ಮೊದಲು ಎರಡು ದಿನ ತಡೆಯಿರಿ. ನೀವು ಕೊನೆಯಲ್ಲಿ ಬರೆದ ಒಂದು ಮಾತಿನಲ್ಲೇ ಅರ್ಧ ಉತ್ತರ ಇದೆ.

ಟ್ರಾಫಿಕ್‌ನಿಂದ ಮಾತ್ರ ತೊಂದರೆ ಆಗಿದ್ದರೆ ಚಿತ್ರದುರ್ಗದ ಓಟಕ್ಕೆ ಅದು ಸರಿಹೋಗಬೇಕಿತ್ತು. ಹೋಗಿ ಬಂದರೆ 400 ಕಿ.ಮೀ. ಆಗುತ್ತದೆ. ಹೈವೇಯಲ್ಲಿ ಅಷ್ಟು ಓಡಿದರೆ ಫಿಲ್ಟರ್ ತನ್ನಷ್ಟಕ್ಕೆ ಸುಟ್ಟುಕೊಂಡು ಖಾಲಿಯಾಗುತ್ತದೆ. ಆದರೂ ನಾಲ್ಕೇ ದಿನಕ್ಕೆ ತುಂಬಿತು ಅಂದರೆ ಎಂಜಿನ್ ಮಸಿ ಜಾಸ್ತಿ ಉಗುಳುತ್ತಿದೆ. ಡಿಪಿಎಫ್ ಅಂದರೆ ಕಸದ ಬುಟ್ಟಿ. ಬುಟ್ಟಿ ಬದಲಿಸಿದರೆ ಮನೆಯಲ್ಲಿ ಕಸ ಬೀಳುವುದು ನಿಲ್ಲುತ್ತದಾ?

ಈಗ ಆ ‘ಹಳೆಯ’ ಪಿ0299 ನೋಡಿ. ಟರ್ಬೊ ಕೊಡಬೇಕಾದ ಒತ್ತಡ ಎಂಜಿನ್‌ಗೆ ಪೂರ್ತಿ ಸಿಕ್ಕಿಲ್ಲ ಅಂತ ಅದರ ಅರ್ಥ. ಪಿ2463 ಅಂದರೆ ಫಿಲ್ಟರ್‌ನಲ್ಲಿ ಮಸಿ ತುಂಬಿದೆ ಅಂತ. ಮೊದಲನೆಯದು ಕಾಯಿಲೆ, ಎರಡನೆಯದು ಜ್ವರ. ನಿಮ್ಮವರು ಜ್ವರಕ್ಕೆ ಮಾತ್ರೆ ಕೊಟ್ಟು ಕಳಿಸಿದ್ದಾರೆ.

ಗಾಳಿ ಹೋಗುವ ದಾರಿ ಹೀಗಿದೆ. ಏರ್ ಫಿಲ್ಟರ್ ದಾಟಿದ ಕೂಡಲೇ ಒಂದು ಸೆನ್ಸರ್ ಒಳಗೆ ಹೋದ ಗಾಳಿಯನ್ನು ಅಳೆಯುತ್ತದೆ. ಆಮೇಲೆ ಟರ್ಬೊ ಅದನ್ನು ಒತ್ತಿ ಕಳಿಸುತ್ತದೆ. ಒತ್ತಿದ ಗಾಳಿ ಬಿಸಿಯಾಗುತ್ತದೆ, ಗಾಡಿ ಜೋರಾಗಿ ಎಳೆಯುವಾಗ 100 ಡಿಗ್ರಿ ದಾಟುತ್ತದೆ. ಇಂಟರ್‌ಕೂಲರ್ ಅದನ್ನು ತಣಿಸಿ ಎಂಜಿನ್‌ಗೆ ಕೊಡುತ್ತದೆ. ಟರ್ಬೊ ಆದ ಮೇಲೆ ಎಲ್ಲೋ ಒಂದು ಹೋಸ್ (ರಬ್ಬರ್ ಪೈಪ್) ಸೀಳಿದೆ ಅಂದುಕೊಳ್ಳಿ. ಅಳೆದ ಗಾಳಿಯಲ್ಲಿ ಒಂದಿಷ್ಟು ಅಲ್ಲೇ ಸೋರಿ ಹೋಗುತ್ತದೆ. ಕಂಪ್ಯೂಟರ್‌ಗೆ ಅದು ಗೊತ್ತಿಲ್ಲ, ಅಳೆದ ಲೆಕ್ಕಕ್ಕೇ ಡೀಸೆಲ್ ಬಿಡುತ್ತದೆ. ಹಂಡೆ ಒಲೆಗೆ ಸೌದೆ ತುರುಕಿ ಗಾಳಿ ಕಟ್ಟಿದರೆ ಏನಾಗುತ್ತದೆ? ಉರಿ ಕಮ್ಮಿ, ಮಸಿ ಜಾಸ್ತಿ. ಇಲ್ಲೂ ಅದೇ.

‘ಪಿಕಪ್ ಇದೆ, ಹೊಗೆ ಇಲ್ಲ’ ಅಂದಿರಲ್ಲ, ಎಲ್ಲರೂ ಮೋಸ ಹೋಗುವುದು ಅಲ್ಲೇ. ಸೀಳು ಸಣ್ಣದಿದ್ದರೆ ಟರ್ಬೊ ಇನ್ನಷ್ಟು ಜೋರಾಗಿ ತಿರುಗಿ ಆ ಕೊರತೆಯನ್ನು ತುಂಬಿಕೊಳ್ಳುತ್ತದೆ. ನಿಮ್ಮ ಕಾಲಿಗೆ ಏನೂ ಗೊತ್ತಾಗುವುದಿಲ್ಲ. ಇನ್ನು ಹೊಗೆ. ಡಿಪಿಎಫ್ ಇಲ್ಲದ ಹಳೆಯ ಗಾಡಿಗಳಲ್ಲಿ ಹೋಸ್ ಸೀಳಿದರೆ ಹಿಂದೆ ಬರುವವನು ಕೆಮ್ಮುತ್ತಿದ್ದ. ನಿಮ್ಮ ಗಾಡಿಯಲ್ಲಿ ಆ ಹೊಗೆ ಪೂರ್ತಿ ಫಿಲ್ಟರ್ ಒಳಗೆ ಕೂರುತ್ತಿದೆ. ಸೈಲೆನ್ಸರ್ ಬಾಯಿಗೆ ಬೆರಳು ಹಾಕಿ ನೋಡಿ, ಗಾಡಿ ತಣ್ಣಗಿದ್ದಾಗ ಮಾತ್ರ. ಒಳಗೆ ಹೆಚ್ಚುಕಮ್ಮಿ ಸ್ವಚ್ಛವಾಗಿರಬೇಕು. ಕೈಗೆ ಕಾಡಿಗೆ ಮೆತ್ತಿದರೆ ಫಿಲ್ಟರ್ ಒಡೆದಿದೆ ಅಂತಲೇ ಅನುಮಾನಪಡಿ.

ಪ್ರಶ್ನೆ (ಅವರೇ)

ಬೆರಳು ಹಾಕಿದೆ ಅಣ್ಣ, ಧೂಳು ಬಿಟ್ಟರೆ ಏನೂ ಇಲ್ಲ. ಹೋಸ್ ಸೀಳಿದೆಯಾ ಅಂತ ನೋಡುವುದು ಹೇಗೆ? ಮೇಲಿಂದ ನೋಡಿದರೆ ಎಲ್ಲಾ ಹೊಸದರಂತೆ ಕಾಣಿಸುತ್ತದೆ. ಇನ್ನೊಂದು ವಿಷಯ, ಎಂಜಿನ್ ಆಯಿಲ್ ಮಟ್ಟ ಮ್ಯಾಕ್ಸ್ ಗೆರೆಗಿಂತ ಮೇಲಿದೆ. ನಾನು ಆಯಿಲ್ ಹಾಕಿಯೇ ಇಲ್ಲ.

ಉತ್ತರ

ಬೆರಳಿಗೆ ಮಸಿ ಹತ್ತಲಿಲ್ಲ, ಒಳ್ಳೆಯದು. ಅಂದರೆ ನಿಮ್ಮ ಫಿಲ್ಟರ್ ಗಟ್ಟಿಯಾಗಿದೆ, ಕೆಲಸವನ್ನೂ ಮಾಡುತ್ತಿದೆ.

ಆಯಿಲ್ ವಿಷಯ ಮೊದಲು, ಯಾಕೆಂದರೆ ಅದು ಅರ್ಜೆಂಟ್. ರೀಜನ್ ಅಂದರೆ ಫಿಲ್ಟರ್ ಒಳಗಿನ ಮಸಿಯನ್ನು 600 ಡಿಗ್ರಿ ಹತ್ತಿರದ ಬಿಸಿಯಲ್ಲಿ ಸುಡುವುದು. ಆ ಬಿಸಿ ಬರಿಸಲು ಅನೇಕ ಎಂಜಿನ್‌ಗಳು ಸಿಲಿಂಡರ್‌ಗೇ ಸ್ವಲ್ಪ ಡೀಸೆಲ್ ಜಾಸ್ತಿ, ಅದೂ ತಡವಾಗಿ ಬಿಡುತ್ತವೆ. ಅದರಲ್ಲಿ ಒಂದಿಷ್ಟು ಸಿಲಿಂಡರ್ ಗೋಡೆ ಹಿಡಿದು ಇಳಿದು ಆಯಿಲ್‌ಗೆ ಸೇರುತ್ತದೆ. ರೀಜನ್ ಮತ್ತೆ ಮತ್ತೆ ಶುರುವಾಗಿ ಅರ್ಧಕ್ಕೇ ನಿಂತರೆ ಡಿಪ್‌ಸ್ಟಿಕ್ ಮಟ್ಟ ಏರುತ್ತದೆ. ಮೂಸಿ ನೋಡಿ, ಡೀಸೆಲ್ ವಾಸನೆ ಬರುತ್ತದೆ. ಆ ಆಯಿಲ್ ನೀರಿನಂತೆ ತೆಳ್ಳಗಾಗಿದೆ, ಬೇರಿಂಗ್‌ಗೂ ಟರ್ಬೊಗೂ ಒಳ್ಳೆಯದಲ್ಲ. ಮಟ್ಟ ತೀರಾ ಏರಿದರೆ ಎಂಜಿನ್ ತನ್ನ ಆಯಿಲ್‌ನ್ನೇ ಎಳೆದುಕೊಂಡು ಉರಿಯಲು ಶುರು ಮಾಡಬಹುದು, ಆಗ ಕೀ ತೆಗೆದರೂ ನಿಲ್ಲುವುದಿಲ್ಲ. ಸದ್ಯಕ್ಕೆ ಗಾಡಿಯನ್ನು ಜಾಸ್ತಿ ಓಡಿಸಬೇಡಿ. ಸೋರಿಕೆ ಸರಿ ಮಾಡಿದ ದಿನವೇ ಆಯಿಲ್, ಆಯಿಲ್ ಫಿಲ್ಟರ್ ಎರಡೂ ಬದಲಿಸಿ. ಮ್ಯಾನುಯಲ್‌ನಲ್ಲಿ ಬರೆದ ಕಮ್ಮಿ ಬೂದಿಯ ಆಯಿಲ್ಲೇ ಬೇಕು, ಡಬ್ಬದ ಮೇಲೆ ಎಸಿಇಎ ಸಿ2, ಸಿ3 ಅಂತೆಲ್ಲ ಇರುತ್ತದೆ.

ಈಗ ಹೋಸ್. ಮೇಲಿಂದ ನೋಡಿದರೆ ಸಿಗುವುದಿಲ್ಲ. ಸೀಳು ಸಾಮಾನ್ಯವಾಗಿ ಕೆಳಮುಖದಲ್ಲಿ, ಕ್ಲಾಂಪ್‌ನ ಅಂಚಿನಲ್ಲಿ ಇರುತ್ತದೆ. ಎಂಜಿನ್ ಅಲ್ಲಾಡಿದಂತೆ ರಬ್ಬರ್ ಅಲ್ಲೇ ತಿಕ್ಕಿ ಸವೆಯುತ್ತದೆ. ನಿಂತ ಗಾಡಿಯಲ್ಲಿ ಆ ಸೀಳು ಬಾಯಿ ಮುಚ್ಚಿಕೊಂಡಿರುತ್ತದೆ. ಕಣ್ಣಿಗಿಂತ ಕೈಯನ್ನು ನಂಬಿ. ಎಂಜಿನ್ ತಣ್ಣಗಿರುವಾಗ ಹೋಸ್‌ನ ಹೊಟ್ಟೆ ಕೆಳಗೆ ಬೆರಳು ಎಳೆಯಿರಿ. ಎಣ್ಣೆ ಬೆರೆತ ಕರಿ ಧೂಳು ಒಂದೇ ಕಡೆ ದಪ್ಪಗೆ ಅಂಟಿದ್ದರೆ ಗಾಳಿ ಅಲ್ಲಿಂದಲೇ ಹೊರಗೆ ಬರುತ್ತಿದೆ.

ಖಾತ್ರಿ ಆಗಬೇಕಾದರೆ ಗಾಳಿ ತುಂಬಿ ನೋಡಬೇಕು. ನಮ್ಮ ಗ್ಯಾರೇಜಿನಲ್ಲಿ ಇದಕ್ಕೆ ದೊಡ್ಡ ಮೆಷಿನ್ ಏನಿಲ್ಲ. ನೀರಿನ ಪೈಪಿನ ಪಿವಿಸಿ ಮುಚ್ಚಳ ತೆಗೆದುಕೊಂಡು, ತೂತು ಕೊರೆದು, ಟ್ಯೂಬ್‌ಲೆಸ್ ಟೈರಿನ ವಾಲ್ವ್ ಕೂರಿಸಿದ್ದೇವೆ. ಅದನ್ನು ಟರ್ಬೊ ಬಾಯಿಗೆ ಹಾಕಿ, ಕ್ಲಾಂಪ್ ಬಿಗಿದು, ಕಂಪ್ರೆಸರ್‌ನಿಂದ ಗಾಳಿ ಬಿಡುತ್ತೇವೆ. ಒಂದು ಬಾರ್ ಸಾಕು, ಟೈರಿಗೆ ಹೊಡೆಯುವ ಅರ್ಧದಷ್ಟೂ ಅಲ್ಲ. ಎಂಜಿನ್‌ನಿಂದ ಬರುವ ಬ್ರೀದರ್ ಪೈಪನ್ನು ಮೊದಲು ಮುಚ್ಚಬೇಕು. ಮರೆತರೆ ಗಾಳಿ ಎಂಜಿನ್‌ನ ಆಯಿಲ್ ಇರುವ ಕೆಳಭಾಗಕ್ಕೆ (ಕ್ರ್ಯಾಂಕ್‌ಕೇಸ್) ನುಗ್ಗಿ ಆಯಿಲ್ ಸೀಲ್ ಕಿತ್ತು ಬರುತ್ತದೆ. ನಮ್ಮ ಹುಡುಗನೊಬ್ಬ ಒಮ್ಮೆ ಮರೆತಿದ್ದ. ಆ ಸೀಲ್ ದುಡ್ಡು ನನ್ನ ಜೇಬಿನಿಂದಲೇ ಹೋಯಿತು. ಆಮೇಲೆ ಪಾತ್ರೆ ತೊಳೆಯುವ ಸೋಪಿನ ನೀರನ್ನು ಎಲ್ಲಾ ಜಾಯಿಂಟಿಗೂ, ಇಂಟರ್‌ಕೂಲರ್ ಎರಡೂ ತುದಿಯ ಪ್ಲಾಸ್ಟಿಕ್ ಟ್ಯಾಂಕಿನ ಅಂಚಿಗೂ ಸ್ಪ್ರೇ ಮಾಡಿ. ಸೋರುವ ಜಾಗದಲ್ಲಿ ಹಾಲು ಉಕ್ಕಿದಂತೆ ನೊರೆ ಬರುತ್ತದೆ.

ಸ್ಕ್ಯಾನರ್ ಇದ್ದವರಿಗೆ ಒಂದು ಮಾತು. ಎಂಜಿನ್ ಆಫ್, ಕೀ ಆನ್ ಇಟ್ಟು ಬೂಸ್ಟ್ ಸೆನ್ಸರ್ ನೋಡಿದರೆ ಬೆಂಗಳೂರಿನಲ್ಲಿ ಸುಮಾರು 91 ಕೆಪಿಎ ತೋರಿಸುತ್ತದೆ, ಮಂಗಳೂರಿನಲ್ಲಿ 101. ಊರಿನ ಎತ್ತರದ ವ್ಯತ್ಯಾಸ ಅಷ್ಟೇ, ಸುಮ್ನೆ ಸೆನ್ಸರ್ ಬದಲಿಸಬೇಡಿ. ಓಡಿಸುವಾಗ ಮೂರನೇ ಗೇರಿನಲ್ಲಿ ಪೂರ್ತಿ ಒತ್ತಿ, ಕಂಪ್ಯೂಟರ್ ಕೇಳಿದ ಒತ್ತಡ ಮತ್ತು ಸಿಕ್ಕಿದ ಒತ್ತಡ ಎರಡನ್ನೂ ರೆಕಾರ್ಡ್ ಮಾಡಿ, ಹೋಲಿಸಿ ನೋಡಿ. ನೋಡಲು ಪಕ್ಕದಲ್ಲಿ ಇನ್ನೊಬ್ಬರು ಇರಲಿ.

ಪ್ರಶ್ನೆ (ಮಂಗಳೂರು)

ನನ್ನದು 2016ರ ಬಿಎಸ್4 ಗಾಡಿ, ಡಿಪಿಎಫ್ ಇಲ್ಲ. ಶಿರಾಡಿ ಘಾಟಿ ಹತ್ತುವಾಗ ಸುಯ್ ಅಂತ ಸದ್ದು, ಪಿಕಪ್ ಬಿದ್ದು ಹೋಗುತ್ತದೆ, ಕನ್ನಡಿಯಲ್ಲಿ ಕಪ್ಪು ಹೊಗೆ. ಇಂಟರ್‌ಕೂಲರ್ ಪೈಪ್ ಬಿಚ್ಚಿದರೆ ಒಳಗೆ ಎಣ್ಣೆ ಇದೆ. ಟರ್ಬೊ ಹೋಯಿತು ಅನ್ನುತ್ತಿದ್ದಾರೆ.

ಉತ್ತರ

ಪೈಪಿನೊಳಗೆ ಎಣ್ಣೆಯ ತೆಳು ಪದರ ಇರುವುದು ಮಾಮೂಲು, ಬ್ರೀದರ್‌ನಿಂದ ಬರುತ್ತದೆ. ಅದನ್ನೇ ತೋರಿಸಿ ಟರ್ಬೊ ಮಾರುವವರು ಇದ್ದಾರೆ. ಇಂಟರ್‌ಕೂಲರ್ ಬಗ್ಗಿಸಿದರೆ ಲೋಟದಲ್ಲಿ ಹಿಡಿಯುವಷ್ಟು ಎಣ್ಣೆ ಸುರಿದರೆ ಮಾತ್ರ ಚಿಂತೆ ಮಾಡಿ. ಟರ್ಬೊ ಶಾಫ್ಟನ್ನು ಕೈಯಲ್ಲಿ ಅಲ್ಲಾಡಿಸಿ ನೋಡಿ. ಚಕ್ರ ಸುತ್ತಲಿನ ಗೋಡೆಗೆ ತಾಗದೆ, ರೆಕ್ಕೆಗಳು ನೆಟ್ಟಗಿದ್ದರೆ ಮೊದಲು ಹೋಸ್ ಟೆಸ್ಟ್ ಮಾಡಿಸಿ. ನೀವು ಹೇಳಿದ ಮೂರೂ ಲಕ್ಷಣ ಹೋಸ್ ಸೀಳಿದ್ದರದ್ದೇ.

ಒಂದು ವೇಳೆ ಟರ್ಬೊ ನಿಜಕ್ಕೂ ಒಡೆದಿದ್ದರೆ ಇಂಟರ್‌ಕೂಲರ್ ತೊಳೆಯದೆ ಹೊಸ ಟರ್ಬೊ ಹಾಕಿಸಬೇಡಿ. ಒಳಗೆ ಲೋಹದ ಚೂರು, ಎಣ್ಣೆ ಎರಡೂ ಕೂತಿರುತ್ತವೆ, ಸೀದಾ ಎಂಜಿನ್‌ಗೆ ಹೋಗುತ್ತವೆ. ಸೀಮೆಎಣ್ಣೆ ಹಾಕಿ ಅಲುಗಾಡಿಸಿ, ಕೆಳಗೆ ಬರುವುದು ತಿಳಿಯಾಗುವವರೆಗೂ ತೊಳೆದು, ಒಂದು ದಿನ ಪೂರ್ತಿ ಬೋರಲು ಹಾಕಿ ಒಣಗಿಸಬೇಕು. ನಿಮ್ಮ ಮಂಗಳೂರಿನ ಮಳೆಗಾಲದಲ್ಲಿ ಎರಡು ದಿನ ಅನ್ನಿ. ಹೊರಗಿನ ರೆಕ್ಕೆಗಳಿಗೆ ಕೆಮ್ಮಣ್ಣು ಮೆತ್ತಿದ್ದರೆ ಪ್ರೆಶರ್ ವಾಷರ್ ಹತ್ತಿರ ಹಿಡಿಯಬೇಡಿ, ಮಡಚಿಕೊಳ್ಳುತ್ತವೆ. ಸಾಮಾನ್ಯ ಪೈಪಿನ ನೀರು ಸಾಕು.

ಪ್ರಶ್ನೆ (ಹುಬ್ಬಳ್ಳಿ)

ಅಣ್ಣಾ, ಇಷ್ಟೆಲ್ಲಾ ಯಾಕೆ? ನಮ್ಮ ಕಡೆ ಡಿಪಿಎಫ್ ಕೊರೆದು ಖಾಲಿ ಮಾಡಿ, ಸಾಫ್ಟ್‌ವೇರ್ ಹಾಕಿ ಕೊಡುತ್ತಾರೆ. ಮತ್ತೆ ಲೈಟೇ ಹತ್ತುವುದಿಲ್ಲ.

ಉತ್ತರ

ಲೈಟ್ ಹತ್ತುವುದಿಲ್ಲ, ನಿಜ. ನಾನು ಮಾಡಿಕೊಡುವುದಿಲ್ಲ, ಅದೂ ನಿಜ. ಕಂಪನಿ ಕೊಟ್ಟ ಗಾಡಿಯನ್ನು ಹೀಗೆ ಬದಲಿಸುವುದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್‌ಗೆ ವಿರುದ್ಧ. ಅದು ಬಿಡಿ, ಹೋಸ್ ಸೀಳು ಅಲ್ಲೇ ಇರುತ್ತದೆ, ಟರ್ಬೊ ಅಲ್ಲೇ ಏದುಸಿರು ಬಿಡುತ್ತಿರುತ್ತದೆ. ಇಷ್ಟು ದಿನ ಫಿಲ್ಟರ್ ನುಂಗುತ್ತಿದ್ದ ಮಸಿಯನ್ನು ನಿಮ್ಮ ಹಿಂದೆ ಸ್ಕೂಟರಿನಲ್ಲಿ ಬರುವ ಮಗು ನುಂಗುತ್ತದೆ.

ಪ್ರಶ್ನೆ (ಮೈಸೂರು)

ನನ್ನ ಕ್ಲಿನಿಕ್ ಮನೆಯಿಂದ 3 ಕಿ.ಮೀ. ಡೀಸೆಲ್ ಗಾಡಿ. ಲೈಟ್ ಬಂದಾಗಲೆಲ್ಲ ಬೆಂಗಳೂರು ಹೈವೇಗೆ ಹೋಗಿ ಬರಬೇಕಾ? ಬಾಟಲಿಯಲ್ಲಿ ಬರುವ ಕ್ಲೀನರ್ ಹಾಕಿದರೆ ಆಗುವುದಿಲ್ಲವಾ?

ಉತ್ತರ

ಮೇಡಂ, ಮೂರು ಕಿಲೋಮೀಟರಿಗೆ ಎಂಜಿನ್ ಬಿಸಿಯೇ ಆಗುವುದಿಲ್ಲ, ರೀಜನ್ ಎಲ್ಲಿಂದ ಆಗಬೇಕು? ಬಾಟಲಿಯಿಂದ ಸ್ವಲ್ಪ ಸಹಾಯ ಆಗಬಹುದು, ಆದರೆ ಓಟದ ಬದಲಿಗೆ ಅದು ಆಗುವುದಿಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆ 60–80ರ ವೇಗದಲ್ಲಿ, ಒಂದು ಗೇರ್ ಕಮ್ಮಿ ಇಟ್ಟು, 2,000 ಆರ್‌ಪಿಎಂ ಮೇಲೆ ಓಡಿಸಿ. ಟ್ಯಾಂಕಿನಲ್ಲಿ ಡೀಸೆಲ್ ಕಾಲು ಭಾಗಕ್ಕಿಂತ ಜಾಸ್ತಿ ಇರಲಿ, ರಿಸರ್ವ್‌ನಲ್ಲಿದ್ದರೆ ಎಷ್ಟೋ ಗಾಡಿಗಳು ರೀಜನ್ ಶುರುವೇ ಮಾಡುವುದಿಲ್ಲ. ರೀಜನ್ ನಡೆಯುತ್ತಿರುವಾಗ ಐಡಲ್ ಸ್ವಲ್ಪ ಏರುತ್ತದೆ, ಫ್ಯಾನ್ ಜೋರಾಗಿ ತಿರುಗುತ್ತದೆ, ಬಿಸಿ ವಾಸನೆ ಬರುತ್ತದೆ. ಆಗ ಹತ್ತು ಹದಿನೈದು ನಿಮಿಷ ಆಫ್ ಮಾಡಬೇಡಿ. ರಸ್ತೆ ಮೇಲೆ ಹುರುಳಿ ಒಕ್ಕಣೆ ಹಾಕಿರುತ್ತಾರಲ್ಲ, ಅದರ ಮೇಲೆ ಹೋಗಲೇಬೇಡಿ, ನಿಲ್ಲಿಸಲೂ ಬೇಡಿ. ಆ ಸೊಪ್ಪು ಗಾಡಿಯ ಕೆಳಭಾಗಕ್ಕೆ ಸುತ್ತಿಕೊಂಡು ಕಾರುಗಳು ಸುಟ್ಟಿವೆ.

ಮುಂದಿನ ಸಲ ಗಾಡಿ ತೆಗೆದುಕೊಳ್ಳುವಾಗ ಪೆಟ್ರೋಲ್ ನೋಡಿ. ನನಗೆ ಗಿರಾಕಿ ಕಮ್ಮಿಯಾದರೂ ಪರವಾಗಿಲ್ಲ.

ಪ್ರಶ್ನೆ (ತುಮಕೂರು)

ಹೋಸ್ ಎಲ್ಲಾ ಸರಿ ಇದ್ದು, ಆದರೂ ಲೈಟ್ ಬಂದರೆ?

ಉತ್ತರ

ಆಗ ಫಿಲ್ಟರ್ ಪಕ್ಕದ ಪ್ರೆಶರ್ ಸೆನ್ಸರ್ ನೋಡಿ. ಫಿಲ್ಟರ್‌ನ ಹಿಂದೆ ಮುಂದೆ ಒತ್ತಡ ಎಷ್ಟು ಅಂತ ಎರಡು ಸಣ್ಣ ಪೈಪ್ ಅದಕ್ಕೆ ಸುದ್ದಿ ಕೊಡುತ್ತವೆ. ಎಂಜಿನ್ ಆಫ್ ಇದ್ದಾಗ ಅದು ಸೊನ್ನೆ ಹತ್ತಿರ ತೋರಿಸಬೇಕು. ತೋರಿಸದಿದ್ದರೆ ಸೆನ್ಸರೇ ಸುಳ್ಳು ಹೇಳುತ್ತಿದೆ. ಆ ಪೈಪ್ ಕರಗಿರಬಹುದು, ಇಲಿ ಕಡಿದಿರಬಹುದು. ಇಲಿ ಅಂದರೆ ನಗಬೇಡಿ, ತಿಂಗಳಿಗೆ ಎರಡು ಗಾಡಿಯಾದರೂ ಬರುತ್ತವೆ. ಆಮೇಲೆ ಇಜಿಆರ್ ವಾಲ್ವ್ (ಒಂದಿಷ್ಟು ಹೊಗೆಯನ್ನು ಮತ್ತೆ ಎಂಜಿನ್‌ಗೆ ಕಳಿಸುವ ಬಾಗಿಲು) ತೆರೆದೇ ಸಿಕ್ಕಿಕೊಂಡಿದೆಯಾ, ಇಂಜೆಕ್ಟರ್ ಸೋರುತ್ತಿದೆಯಾ ನೋಡಬೇಕು. ಥರ್ಮೋಸ್ಟಾಟ್ ಮರೆಯಬೇಡಿ. ಅದು ತೆರೆದೇ ಉಳಿದರೆ ಎಂಜಿನ್ ಬಿಸಿ ಏರುವುದಿಲ್ಲ, ರೀಜನ್‌ಗೆ ಅಪ್ಪಣೆಯೇ ಸಿಗುವುದಿಲ್ಲ.

ಗಾಡಿ ಒಂದೂವರೆ ಎರಡು ಲಕ್ಷ ಓಡಿದ್ದರೆ ಮಾತು ಬೇರೆ. ಮಸಿ ಸುಟ್ಟು ಹೋಗುತ್ತದೆ, ಆಯಿಲ್‌ನಿಂದ ಬರುವ ಬೂದಿ ಸುಡುವುದಿಲ್ಲ. ಒಲೆಯಿಂದ ಬೂದಿ ಬಾಚುವಂತೆ, ಫಿಲ್ಟರ್ ಬಿಚ್ಚಿ ಮೆಷಿನ್‌ನಲ್ಲಿ ಹಿಂದಿನಿಂದ ನೀರು, ಗಾಳಿ ಹೊಡೆದು ತೊಳೆಸಬೇಕು. ತೊಳೆಯುವ ಮೊದಲು, ಒಣಗಿದ ಮೇಲೆ ಎರಡು ಸಲ ತೂಕ ಹಾಕಿ ಕೊಡುವವರ ಹತ್ತಿರ ಹೋಗಿ.

ಮೊದಲ ಪ್ರಶ್ನೆಯವರು, ಹನ್ನೆರಡು ದಿನ ಬಿಟ್ಟು

ಅಣ್ಣ, ಸಿಕ್ಕಿತು! ನೀವು ಹೇಳಿದ ಹಾಗೆ ಇಂಟರ್‌ಕೂಲರ್‌ನ ಕೆಳಗಿನ ಹೋಸ್, ಕ್ಲಾಂಪ್ ಅಂಚಿನಲ್ಲಿ ಹೆಬ್ಬೆರಳಿನ ಉಗುರಿನಷ್ಟು ಸೀಳು. ಕೈಯಲ್ಲಿ ಹಿಡಿದು ಬಗ್ಗಿಸಿದಾಗಷ್ಟೇ ಬಾಯಿ ತೆರೆಯಿತು. ಹೊಸ ಹೋಸ್, ಎರಡು ಕ್ಲಾಂಪ್, ಆಯಿಲ್ ಎಲ್ಲಾ ಹಾಕಿಸಿ, ಬಯಲಿನಲ್ಲಿ ನಿಲ್ಲಿಸಿ ಒಂದು ರೀಜನ್ ಮಾಡಿಸಿದೆ. ನಿನ್ನೆ ಊರಿಂದ ಬಂದೆ. ಮೊದಲು 110 ಕಿ.ಮೀ.ಗೊಮ್ಮೆ ರೀಜನ್ ಆಗುತ್ತಿತ್ತು. ಈಗ 400 ದಾಟಿದರೂ ಶುರುವಾಗಿಲ್ಲ. ಫಿಲ್ಟರ್ ಹಳೆಯದೇ.

ಉತ್ತರ

ಸಂತೋಷ ಸರ್. ಹೊಸ ರಬ್ಬರ್ ಬಿಸಿಗೆ ಸ್ವಲ್ಪ ಕೂರುತ್ತದೆ. 500 ಕಿ.ಮೀ. ಆದ ಮೇಲೆ ಕ್ಲಾಂಪ್ ಇನ್ನೊಮ್ಮೆ ಬಿಗಿ ಮಾಡಿಸಿ, ಡಿಪ್‌ಸ್ಟಿಕ್ ಮಟ್ಟ ನೋಡಿ ಇಲ್ಲೇ ಬರೆಯಿರಿ. ಆ ಹಳೆಯ ಹೋಸ್‌ನ ಫೋಟೋ ಒಂದು ಹಾಕಿ, ನಮ್ಮ ಹುಡುಗರಿಗೆ ತೋರಿಸಬೇಕು.