ಮದುವೆ ವಿಡಿಯೋ ಪೂರ್ತಿ ಸೂಪರ್ 8ನಲ್ಲಿ ತೆಗೆಯಬಹುದಾ?

ಹೊಸಬ_ವಿಡಿಯೋ:
ಗೆಳತಿಯ ಮದುವೆ ವಿಡಿಯೋ ನಾನೇ ತೆಗೆಯುತ್ತಿದ್ದೇನೆ. ಅವಳಿಗೆ ಹಳೇ ಸಿನಿಮಾ ಥರ ಕಾಣಬೇಕಂತೆ. ಮಾವ ಕೊಟ್ಟ ಸೂಪರ್ 8 ಕ್ಯಾಮೆರಾ (8 ಮಿ.ಮೀ. ಫಿಲ್ಮ್ ಹಾಕುವ ಹಳೇ ಪುಟ್ಟ ಸಿನಿಮಾ ಕ್ಯಾಮೆರಾ) ಇದೆ, ಮೋಟಾರ್ ಓಡುತ್ತದೆ. ಅದರಲ್ಲೇ ಪೂರ್ತಿ ತೆಗೆಯಲಾ? ಇಲ್ಲಾ ಡಿಜಿಟಲ್‌ನಲ್ಲಿ ತೆಗೆದು ಆಮೇಲೆ ಗ್ರೇನ್ (ಫಿಲ್ಮ್ ಮೇಲಿನ ಕಣಕಣ), ಗೀರು ಹಾಕಿದರೆ ಸಾಕಾ?

ರೀಲ್_ಹುಚ್ಚ:
ಪೂರ್ತಿ ಬೇಡ ಮಾರಾಯ್ರೆ. ಒಂದು ಕಾರ್ಟ್ರಿಜ್‌ನಲ್ಲಿ ಇರುವುದೇ 50 ಅಡಿ ಫಿಲ್ಮ್. ಸೆಕೆಂಡಿಗೆ 18 ಫ್ರೇಮ್ ಓಡಿಸಿದರೆ 3 ನಿಮಿಷ 20 ಸೆಕೆಂಡ್, 24 ಓಡಿಸಿದರೆ ಎರಡೂವರೆ ನಿಮಿಷ. ಈಗ ಸಿಗುವ ಕಾರ್ಟ್ರಿಜ್‌ಗಳಲ್ಲಿ ಧ್ವನಿಯೂ ಇಲ್ಲ. ಮಾತು, ನಗು ಎಲ್ಲ ಬೇರೆ ರೆಕಾರ್ಡರ್‌ನಲ್ಲಿ ಹಿಡಿಯಬೇಕು. ಮುಖ್ಯ ಘಳಿಗೆಗಳು ಡಿಜಿಟಲ್‌ನಲ್ಲಿರಲಿ. ತಯಾರಿ, ಅಂಗಳ, ಅಜ್ಜ ಅಜ್ಜಿ ಕೂತ ಮೂಲೆ, ಇವಕ್ಕೆ ಫಿಲ್ಮ್ ಇಡಿ.

ನನ್ನ ಮೊದಲ ಮದುವೆಯಲ್ಲಿ (ಅಂದರೆ ನಾನು ಶೂಟ್ ಮಾಡಿದ ಮೊದಲ ಮದುವೆ!) ಮೋಟಾರ್ ಗುರ್ ಅನ್ನುತ್ತಿತ್ತು, ಕೌಂಟರ್ ಮುಂದೆ ಹೋಗುತ್ತಿತ್ತು. ಒಳಗೆ ಫಿಲ್ಮ್ ಮಾತ್ರ ಸಿಕ್ಕಿಕೊಂಡಿತ್ತು. ತೊಳೆಸಿ ತಂದಾಗ ಹೆಚ್ಚುಕಡಿಮೆ ಖಾಲಿ. ಈಗ ಕಾರ್ಟ್ರಿಜ್ ತೆಗೆದ ಕೂಡಲೇ ಫಿಲ್ಮ್ ಮೇಲೆ 'ಎಕ್ಸ್‌ಪೋಸ್ಡ್' ಅಂತ ಅಚ್ಚು ಕಾಣುತ್ತಾ ನೋಡುತ್ತೇನೆ. ಕಾಣದಿದ್ದರೆ ರೀಲ್ ಮುಗಿದಿಲ್ಲ ಅಂತಲೇ.

ಮೌನ_ಫ್ರೇಮ್:
ಗೀರು ಮಾತ್ರ ಹಾಕಬೇಡಿ. ಪ್ರೊಜೆಕ್ಟರ್‌ನಲ್ಲಿ ಮತ್ತೆ ಮತ್ತೆ ಓಡಿ ಸವೆದ ಪ್ರಿಂಟ್‌ಗೆ ಬೀಳುವ ಗೀರು ಅದು. ಹೊಸ ಫಿಲ್ಮ್ ಸ್ಕ್ಯಾನ್ ಮಾಡಿದರೆ ಅಷ್ಟು ಇರುವುದೇ ಇಲ್ಲ. ಹಳೇ ಚಂದ ಬೇಕಾ? ಗಿಂಬಲ್ (ಕ್ಯಾಮೆರಾ ಅಲುಗದಂತೆ ಹಿಡಿಯುವ ಸಾಧನ) ಮನೆಯಲ್ಲೇ ಬಿಡಿ. ಟ್ರೈಪಾಡ್ ಇಡಿ, ಜೂಮ್ ಮುಟ್ಟಬೇಡಿ, ಸ್ಲೋ ಮೋಷನ್ ಬೇಡ. ಹೀಲಿಯೋಸ್ 44-2 ಥರದ ಹಳೇ ಲೆನ್ಸನ್ನು ಡಿಜಿಟಲ್ ಕ್ಯಾಮೆರಾಗೆ ಅಡಾಪ್ಟರ್ ಹಾಕಿ ಕೂರಿಸಿ. ಹಿನ್ನೆಲೆ ಸುಳಿಸುಳಿಯಾಗಿ ಬರುತ್ತದೆ, ಅದನ್ನು ಪ್ಲಗಿನ್‌ನಲ್ಲಿ ತರುವುದು ಕಷ್ಟ.

ಹೊಸಬ_ವಿಡಿಯೋ:
ಥ್ಯಾಂಕ್ಸ್. ಮೂರು ಕಾರ್ಟ್ರಿಜ್ ತರಿಸುತ್ತೇನೆ. ಆದರೆ ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಮುಳ್ಳು ಅಲ್ಲಾಡುತ್ತಿಲ್ಲ, ಅದರ ಬ್ಯಾಟರಿ ಗೂಡಲ್ಲಿ ಹಸಿರು ಕಿಲುಬು ಇದೆ.

ರೀಲ್_ಹುಚ್ಚ:
ಹತ್ತಿಕಡ್ಡಿಗೆ ಸ್ವಲ್ಪ ವಿನೆಗರ್ ಹಚ್ಚಿ ಒರೆಸಿ, ಒಣಗಿಸಿ. ಆದರೂ ಆ ಮೀಟರ್ ನಂಬಬೇಡಿ. ಎಷ್ಟೋ ಹಳೇ ಮೀಟರ್‌ಗಳು 1.35 ವೋಲ್ಟ್ ಪಾದರಸದ ಬ್ಯಾಟರಿಗೆ ಹೊಂದಿಸಿದವು. ಈಗಿನ 1.5 ವೋಲ್ಟ್ ಹಾಕಿದರೆ ಲೆಕ್ಕ ತಪ್ಪುತ್ತದೆ. ಫೋನ್‌ನಲ್ಲಿ ಲೈಟ್ ಮೀಟರ್ ಆ್ಯಪ್ ಹಾಕಿಕೊಂಡು ಅಪರ್ಚರ್ (ಲೆನ್ಸಿಗೆ ಬೆಳಕು ಬಿಡುವ ಕಿಂಡಿ) ಕೈಯಲ್ಲೇ ತಿರುಗಿಸಿ. ಒಳಾಂಗಣಕ್ಕೆ 500ಟಿ (ಕಡಿಮೆ ಬೆಳಕಿಗೂ ಆಗುವ ಫಿಲ್ಮ್) ತಗೊಳ್ಳಿ. ಮತ್ತೆ ಮೂರಲ್ಲ, ನಾಲ್ಕು ತರಿಸಿ. ಒಂದು ಟೆಸ್ಟ್‌ಗೆ, ಮದುವೆಗೆ ಮೊದಲೇ ತೊಳೆಸಿ ನೋಡೋದಕ್ಕೆ.